ಕಿರುಬೆರಳು ಸವರಿ ಹೋದ ಗೋಲು

2023ರ ಡಿಸೆಂಬರ್ ತಿಂಗಳು. ಹೊಸದುರ್ಗ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಪರೀಕ್ಷೆ ಮಾಡಲು ಸ್ವೀಡನ್ ದೇಶದಿಂದ ಒಬ್ಬರು ಬಂದಿದ್ದರು. ಹೆಸರು ಆಂಡರ್ಸ್. ವಯಸ್ಸು ಅರವತ್ತರ ಆಸುಪಾಸು. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೂ ಅವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು, ಅಷ್ಟು ಎತ್ತರ. ದಿನಾ ಬೆಳಿಗ್ಗೆ ಅವರನ್ನು ಚಿತ್ರದುರ್ಗದ ಲಾಡ್ಜಿನಿಂದ ಹೊಳಲ್ಕೆರೆ ಮೇಲೆ ಗುಡ್ಡಕ್ಕೆ ಕರೆದೊಯ್ದು ಸಂಜೆ ವಾಪಸ್ ತಂದು ಬಿಡುವ ಬಾಡಿಗೆ ನನಗೆ ಸಿಕ್ಕಿತ್ತು. ನಾನು ತಿಪ್ಪೇಸ್ವಾಮಿ, ಟ್ಯಾಕ್ಸಿ ಓಡಿಸುತ್ತೇನೆ. ಕೋಟೆ ನೋಡಲು ಬರುವ ವಿದೇಶಿಯರ ಜೊತೆ ತಿರುಗಾಡಿ ಕಲಿತ ಹರಕುಮುರುಕು ಇಂಗ್ಲಿಷ್ ನನ್ನದು. ಅವರು ನನಗೋಸ್ಕರ ನಿಧಾನವಾಗಿ ಮಾತಾಡುತ್ತಿದ್ದರು.

ಒಂದು ದಿನ ಹೊಳಲ್ಕೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿನ್ನಲು ನಿಲ್ಲಿಸಿದ್ದೆವು. ನನ್ನ ಮೊಣಕೈ ತಾಗಿ ಟೇಬಲ್ ಮೇಲಿದ್ದ ಗಾಜಿನ ಲೋಟ ಉರುಳಿತು. ಅವರು ನನ್ನ ಜೊತೆ ಮಾತಾಡುತ್ತಲೇ ಇದ್ದರು, ಕೈ ಮಾತ್ರ ಕೆಳಗೆ ಹೋಗಿ ಲೋಟ ನೆಲ ಮುಟ್ಟುವ ಮೊದಲೇ ಹಿಡಿದಿತ್ತು. ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡಿದ. ಇದೇನು ಸರ್ ಎಂದು ಕೇಳಿದ್ದಕ್ಕೆ, ತಾವು ಹಿಂದೆ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದುದಾಗಿ ಹೇಳಿದರು.

"ಗೋಲ್‌ಕೀಪರ್ ಅಂದರೆ ಸುಮ್ಮನೆ ನಿಂತಿರುವ ಕೆಲಸ ತಾನೇ?" ಎಂದು ನಾನು ತಮಾಷೆ ಮಾಡಿದೆ.

"ನಿಂತಿದ್ದರೆ ಪುಣ್ಯ. ನಾನು ಬಹಳ ವರ್ಷ ಕೂತೇ ಇದ್ದೆ" ಎಂದು ನಕ್ಕರು.

ಅವತ್ತಿನಿಂದ ದಾರಿಯುದ್ದಕ್ಕೂ ಅವರ ಕಥೆ ನಡೆಯಿತು. ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿ ಕೂಲಿ. ಊರಲ್ಲಿ ಅರ್ಧ ವರ್ಷ ಹಿಮ. ಅಣ್ಣ ಒದೆಯುವವನು, ತಮ್ಮನಾದ ಇವರು ತಡೆಯುವವರು, ಹಾಗಾಗಿ ಗೋಲ್‌ಕೀಪರ್ ಆದರು. ದೊಡ್ಡ ಕ್ಲಬ್ಬಿಗೇನೋ ಸೇರಿದರು, ಆದರೆ ಅಲ್ಲಿ ಅವರಿಗಿಂತ ಚೆನ್ನಾಗಿ ಆಡುವವನೊಬ್ಬ ಇದ್ದ. ಅವನ ಹಿಂದೆ ವರ್ಷಗಟ್ಟಲೆ ಬೆಂಚು ಕಾದರು. ಪ್ರತಿದಿನ ಅವನಷ್ಟೇ ಅಭ್ಯಾಸ, ಆಟ ಮಾತ್ರ ಇಲ್ಲ. ಕೊನೆಗೊಂದು ದಿನ ಅವನ ಭುಜ ಮುರಿದಾಗ ಒಳಗೆ ಹೋದರು. ಆಮೇಲೆ ಅವರನ್ನು ಹೊರಗೆ ಕೂರಿಸಲು ಯಾರಿಂದಲೂ ಆಗಲಿಲ್ಲ. ದೇಶದ ತಂಡಕ್ಕೂ ಕರೆ ಬಂತು. ಕೊನೆಗೆ ಮೊಣಕಾಲು ಕೈಕೊಟ್ಟಾಗ ಆಟ ಬಿಟ್ಟು, ವಿದ್ಯುತ್ ಕೆಲಸ ಕಲಿತು, ಈ ಗಾಳಿ ಫ್ಯಾನುಗಳ ಬೆನ್ನು ಹತ್ತಿದರು.

ಕಾಯುವುದು ಎಂದರೇನು ಎಂದು ಡ್ರೈವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೇಳುತ್ತಾ ಕೇಳುತ್ತಾ ಆ ಮನುಷ್ಯ ನನಗೆ ತೀರಾ ನಮ್ಮವನೇ ಅನಿಸಿಬಿಟ್ಟ.

ಇದನ್ನೆಲ್ಲ ಮನೆಯಲ್ಲಿ ಹೇಳದೆ ಇರಲು ನನ್ನಿಂದಾಗುತ್ತದೆಯೇ? ನನ್ನ ಮಗಳು ಅನುಷ ಆಗ ಒಂಬತ್ತನೇ ಕ್ಲಾಸು, ನಮ್ಮೂರ ಹೈಸ್ಕೂಲಿನ ಹುಡುಗಿಯರ ಫುಟ್‌ಬಾಲ್ ತಂಡದ ನಾಯಕಿ. ಒದ್ದರೆ ಚೆಂಡು ಕೂಗಬೇಕು, ಅಂಥ ಕಾಲು ಅವಳದು. ಆದರೆ ಅವಳ ಗೋಲಿಗೆಲ್ಲ ಜನ ಒಂದೊಂದು ನೆಪ ಹುಡುಕಿಡುತ್ತಿದ್ದರು. ತಾಲ್ಲೂಕು ಪಂದ್ಯದಲ್ಲಿ ಗೆಲುವಿನ ಗೋಲು ಹೊಡೆದು ಬಂದರೆ, ಎದುರಿನ ಕೀಪರ್ ಕಣ್ಣಿಗೆ ಬಿಸಿಲಿತ್ತಂತೆ. ಅದರ ಹಿಂದಿನ ಸಲ ಕೀಪರ್ ಕಾಲು ಜಾರಿತಂತೆ. ಹುಡುಗಿ ಹೊಡೆದಳು ಎಂದು ಒಪ್ಪಿಕೊಂಡರೆ ಇವರ ಗಂಟೇನು ಹೋಗುತ್ತಿತ್ತೋ!

ನಾನು ಹೇಳಿದ್ದನ್ನೆಲ್ಲ ಅವಳು ಊಟ ಬಿಟ್ಟು ಕೇಳಿದಳು. "ಅಪ್ಪಾ, ಅವ್ರನ್ನ ನಮ್ ಸ್ಕೂಲ್‌ತಾವ ಕರ್ಕಂಡು ಬಾರಪ್ಪ. ಅವ್ರಿಗೆ ಒಂದು ಗೋಲ್ ಹಾಕಿದ್ರೆ ಇನ್ಮೇಲೆ ಯಾರೂ ಏನೂ ಅನ್ನಂಗಿಲ್ಲ" ಎಂದಳು.

ಕೇಳಿದ ಕೂಡಲೇ ಆಂಡರ್ಸ್ ಒಪ್ಪಿಕೊಂಡರು. ಶನಿವಾರ ಕೆಲಸ ಬೇಗ ಮುಗಿಸಿ ನಮ್ಮೂರಿಗೆ ಹೋದರೆ ನನಗೇ ಗಾಬರಿ! ಹೆಡ್‌ಮಾಸ್ಟರು ಮೈದಾನಕ್ಕೆ ಶಾಮಿಯಾನ ಹಾಕಿಸಿ, ಮೈಕ್ ತರಿಸಿ, ಅರ್ಧ ಊರನ್ನೇ ಸೇರಿಸಿದ್ದರು. "ಬರ್ರಿ ಸರ್, ಕುಂತ್ಕಳ್ರಿ" ಎಂದು ಸ್ವೀಡನ್ನಿನವರಿಗೆ ಕನ್ನಡದಲ್ಲೇ ಉಪಚಾರ ಮಾಡಿ, ಹಾರ ಹಾಕಿ, ಶಾಲು ಹೊದಿಸಿ, ತಲೆಗೆ ಪೇಟ ತೊಡಿಸಿದರು. ಪೇಟ ಸಣ್ಣದಾಗಿ ನೆತ್ತಿಯ ಮೇಲೆ ಕೂತಿತ್ತು.

ಆಮೇಲೆ ಹೆಡ್‌ಮಾಸ್ಟರು ಹುಡುಗಿಯರನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನ್ನ ಕಿವಿಗೂ ಬಿತ್ತು. "ನೋಡ್ರಮ್ಮ, ಅಷ್ಟು ದೂರದಿಂದ ಬಂದವ್ರೆ, ವಯಸ್ಸಾಗೈತೆ. ಎಲ್ರೂ ಮೆತ್ತಗೆ ಒದೀರಿ. ಮನೆಗೆ ಬಂದ ನೆಂಟ್ರನ್ನ ಸೋಲಿಸಿ ಕಳಿಸ್ತಾರೇನ್ರೇ?"

ಅವರದು ಕೆಟ್ಟ ಮನಸ್ಸಲ್ಲ. ನಮ್ಮ ಕಡೆ ನೆಂಟರಿಗೆ ನಾವು ಮಾಡುವುದೇ ಹಾಗೆ. ಆದರೆ ಅನುಷ ಕೈಯಲ್ಲಿದ್ದ ಚೆಂಡನ್ನು ಕೆಳಗೆ ಬಿಟ್ಟು ಸಾಲಿನ ಕೊನೆಗೆ ಹೋಗಿ ನಿಂತಳು.

ಎರಡು ಸರ್ವೆ ಮರದ ಕಂಬ ನೆಟ್ಟು ಮೇಲೆ ಹಗ್ಗ ಕಟ್ಟಿದ್ದೇ ಗೋಲು. ಆಂಡರ್ಸ್ ಪೇಟ, ಶಾಲು ತೆಗೆದಿಟ್ಟು ಅಲ್ಲಿ ನಿಂತರು. ಮೊದಲನೆಯ ಹುಡುಗಿ ಒದ್ದ ಚೆಂಡು ಉರುಳಿಕೊಂಡು ಹೋಗಿ ಅವರ ಕಾಲ ಬಳಿ ನಿಂತಿತು. ಚಪ್ಪಾಳೆ. ಎರಡನೆಯವಳದೂ ಹಾಗೇ, ಮೂರನೆಯವಳದೂ ಹಾಗೇ. ನಾಲ್ಕನೆಯ ಚೆಂಡನ್ನು ಅವರು ಎತ್ತಿಕೊಳ್ಳಲೇ ಇಲ್ಲ. ಸೀದಾ ನನ್ನ ಹತ್ತಿರ ಬಂದರು.

"ತಿಪ್ಪೇಸ್ವಾಮಿ, ಈ ಮಕ್ಕಳಿಗೆ ಹುಷಾರಿಲ್ಲವಾ?"

ಹೆಡ್‌ಮಾಸ್ಟರು ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೇಳಿದರೆ ಅವರ ಮಾನ ಉಳಿಯುತ್ತಿತ್ತು. ನನ್ನ ಕಣ್ಣು ಸಾಲಿನ ಕೊನೆಯಲ್ಲಿ ನಿಂತಿದ್ದ ಮಗಳ ಕಡೆ ಹೋಯಿತು. ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟೆ.

ಆಂಡರ್ಸ್ ಹುಡುಗಿಯರ ಕಡೆ ಕೈ ತೋರಿಸಿ, "ನನಗೆ ಮರ್ಯಾದೆ ಕೊಡಬೇಕು ಅಂತಿದ್ದರೆ ಜೋರಾಗಿ ಒದೆಯಲು ಹೇಳು" ಎಂದರು. ಅದನ್ನು ನಾನು ನಮ್ಮ ಮಾತಲ್ಲಿ ಹುಡುಗಿಯರಿಗೆ ಕೂಗಿ ಹೇಳಿದೆ. "ಸಾಹೇಬ್ರಿಗೆ ಮರ್ಯಾದೆ ಕೊಡ್ಬೇಕಂದ್ರೆ ಜೋರಾಗಿ ಒದೀಬೇಕಂತೆ, ಒದೀರವ್ವ!"

ಅಲ್ಲಿಂದ ನಡೆದದ್ದೇ ಆಟ. ಆ ವಯಸ್ಸಿನಲ್ಲಿ, ಆ ಮೊಣಕಾಲು ಇಟ್ಟುಕೊಂಡು, ಅವರು ಆ ಕಲ್ಲುನೆಲದಲ್ಲಿ ಎಡಕ್ಕೆ ಬಿದ್ದರು, ಬಲಕ್ಕೆ ಬಿದ್ದರು. ಒಬ್ಬಳದೂ ಒಳಗೆ ಹೋಗಲಿಲ್ಲ. ಅನುಷಳ ಮೊದಲ ಎರಡು ಒದೆತಗಳನ್ನೂ ಒಳಗೆ ಬಿಡಲಿಲ್ಲ. ಅವಳು ತುಟಿ ಕಚ್ಚಿಕೊಂಡು, "ಇನ್ನೊಂದು" ಎಂದು ಬೆರಳೆತ್ತಿ ಕೇಳಿದಳು. ಅವರು ತಲೆಯಾಡಿಸಿ ಮಂಡಿಗೆ ಕೈಕೊಟ್ಟು ಬಗ್ಗಿ ನಿಂತರು.

ಮೂರನೆಯದು ಹಗ್ಗದ ಕೆಳಗೆ, ಎಡಗಂಬದ ಒಳಬದಿಗೆ ಹೋಗುತ್ತಿತ್ತು. ಅವರು ಹಾರಿದರು. ಚೆಂಡು ಕೈ ಸವರಿಕೊಂಡು ಒಳಗೆ ಹೋಯಿತು. ಗೋಲು!

ನಾನು ಕೂಗಿದ್ದು ಗುಡ್ಡದ ಫ್ಯಾನಿಗೂ ಕೇಳಿರಬೇಕು. ಅಷ್ಟರಲ್ಲಿ ಹೆಡ್‌ಮಾಸ್ಟರು ಮೈಕ್ ಹಿಡಿದಿದ್ದರು. "ನಮ್ಮ ಘನ ಅತಿಥಿಗಳು ದೊಡ್ಡ ಮನಸ್ಸು ಮಾಡಿ ನಮ್ಮ ಹುಡುಗಿಗೆ ಒಂದು ಗೋಲನ್ನು ಬಿಟ್ಟುಕೊಟ್ಟಿದ್ದಾರೆ, ಜೋರಾದ ಚಪ್ಪಾಳೆ!"

ಜನ ಚಪ್ಪಾಳೆ ತಟ್ಟಿದರು. "ಬಿಟ್ಕೊಟ್ಟ ಪುಣ್ಯಾತ್ಮ" ಎಂದು ನನ್ನ ಹಿಂದೆಯೇ ಯಾರೋ ಅಂದರು. ಅನುಷ ಓಡಿ ಬರುತ್ತಿದ್ದವಳು ಅರ್ಧದಲ್ಲೇ ನಿಂತಳು. ನಿಧಾನವಾಗಿ ನನ್ನ ಹತ್ತಿರ ಬಂದು, "ನಿಜವಾಗ್ಲೂ ಬಿಟ್ಕೊಟ್ರಾ? ಕೇಳಪ್ಪ" ಎಂದಳು. ಕಣ್ಣು ತುಂಬಿತ್ತು.

ಕೇಳಲು ನನಗೂ ಭಯವಾಯಿತು. ಹೌದು ಎಂದುಬಿಟ್ಟರೆ? ಆದರೂ ಆಂಡರ್ಸ್ ಹತ್ತಿರ ಹೋಗಿ ಮೈಕಿನಲ್ಲಿ ಹೇಳಿದ್ದನ್ನು ತಿಳಿಸಿ, ಮಗಳ ಪ್ರಶ್ನೆಯನ್ನೂ ಕೇಳಿದೆ. ಅವರ ಬಿಳಿ ಮುಖ ಕೆಂಪಗಾಯಿತು. ಸೀದಾ ನಡೆದು ಹೋಗಿ ಮೈಕ್ ಇಸಿದುಕೊಂಡು, ಬಲಗೈ ಮೇಲೆತ್ತಿ ಎಲ್ಲರಿಗೂ ತೋರಿಸಿದರು. ಕಿರುಬೆರಳು ಹೊರಕ್ಕೆ ವಾಲಿ ನಿಂತಿತ್ತು, ಗಂಟು ಆಗಲೇ ಊದಿತ್ತು.

ಅವರು ಒಂದೊಂದೇ ಮಾತು ಹೇಳಿದರು, ನಾನು ಮೈಕಿನಲ್ಲಿ ನಮ್ಮ ಮಾತಿಗೆ ತಿರುಗಿಸಿದೆ. "ಗೋಲು ಬಿಟ್ಕೊಡಾಕೆ ನಾನು ಅಷ್ಟು ವರ್ಷ ಬೆಂಚು ಕಾಯ್ಲಿಲ್ಲ ಅಂತಾರೆ. ಸ್ವಂತ ಮಗಳಿಗೂ ಒಂದು ಗೋಲು ಬಿಟ್ಕೊಟ್ಟಿಲ್ವಂತೆ. ಈ ಚೆಂಡನ್ನ ತಡೆಯಾಕೆ ನನ್ನ ಕೈಲಾದಷ್ಟೂ ಮಾಡಿದೆ, ಬೆರಳೇ ಹೋಯ್ತು, ಆದ್ರೂ ಒಳಗೆ ಹೋಯ್ತು ಅಂತಾರೆ. ಈ ಗೋಲು..." ನಾನು ಮಗಳ ಕಡೆ ತಿರುಗಿದೆ. "ಈ ಗೋಲು ಈ ಹುಡುಗೀದೇ ಅಂತಾರೆ."

ಮೊದಲು ಚಪ್ಪಾಳೆ ತಟ್ಟಿದವರು ಹೆಡ್‌ಮಾಸ್ಟರೇ. "ನಂದು ತಪ್ಪಾಯ್ತು ಕಣಮ್ಮ" ಎಂದು ಎಲ್ಲರೆದುರು ಅನುಷಳಿಗೆ ಹೇಳಿ, ಆಂಡರ್ಸ್‌ಗೆ ಹೊದಿಸಿದ್ದ ಶಾಲನ್ನು ತರಲು ಹೋದರು. ಅದನ್ನು ಆಂಡರ್ಸ್ ಅಷ್ಟರಲ್ಲೇ ಎತ್ತಿಕೊಂಡಿದ್ದರು. ತಮ್ಮ ಕೈಯಾರೆ ನನ್ನ ಮಗಳಿಗೆ ಹೊದಿಸಿದರು.

ಬೆರಳಿಗೆ ನನ್ನ ಹೆಂಡತಿ ಸುಣ್ಣ ಬೆಲ್ಲ ಕಲಸಿ ಹಚ್ಚಿ ಬಟ್ಟೆ ಕಟ್ಟಿದಳು. ಚಿತ್ರದುರ್ಗದಲ್ಲಿ ಡಾಕ್ಟರ ಹತ್ತಿರ ಹೋಗಾಣ ಅಂದರೆ, ಈ ಕಟ್ಟು ಬಿಚ್ಚುತ್ತಾರೆ ಬೇಡ ಎಂದು ಅವರ ಹಟ. ನಾನೇ ಬಲವಂತವಾಗಿ ಕರೆದುಕೊಂಡು ಹೋದೆ. ದಾರಿಯಲ್ಲಿ ಬಲಗೈಯಲ್ಲಿ ಸೀಟ್‌ಬೆಲ್ಟ್ ಹಾಕಿಕೊಳ್ಳಲಾಗದೆ ಒದ್ದಾಡುತ್ತಾ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. "ಆಟ ಬಿಟ್ಟು ಇಷ್ಟು ವರ್ಷವಾಯಿತು. ಇವತ್ತು ಮತ್ತೆ ನನ್ನ ಕೆಲಸ ಮಾಡಿದೆ" ಎಂದರು. ಡಾಕ್ಟರು ಬೆರಳು ಮುರಿದಿದೆ ಎಂದು ಪಟ್ಟಿ ಹಾಕಿದರು. ತಮ್ಮ ದೇಶಕ್ಕೆ ಹೊರಟ ದಿನ ಆಂಡರ್ಸ್ ಎಡಗೈ ಚಾಚಿ ನನ್ನ ಕೈ ಕುಲುಕಿದರು.

ಅನುಷ ಈಗ ಪಿಯುಸಿ. ಕಾಲೇಜು ತಂಡದಲ್ಲಿ ಆಡುತ್ತಾಳೆ. ಅವಳ ಗೋಲಿಗೆ ನೆಪ ಹೇಳುವವರು ಈಗಲೂ ಇದ್ದಾರೆ, ಆದರೆ ಅವಳು ನಕ್ಕು ಸುಮ್ಮನಾಗುತ್ತಾಳೆ. ಸುಮ್ಮನಾಗಲು ಬಾರದವನು ನಾನು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಈ ಕಥೆ ಹೇಳಿದಾಗಲೆಲ್ಲ ಒಬ್ಬನಾದರೂ, "ಲೇ ತಿಪ್ಪೇಸಿ, ಬಿಟ್ಕೊಟ್ಟಿರ್ತಾನೆ ಬಿಡೋ" ಅನ್ನುತ್ತಾನೆ. ನಾನು ವಾದಕ್ಕೆ ಹೋಗುವುದಿಲ್ಲ. ಬಲಗೈ ಕಿರುಬೆರಳನ್ನು ಎತ್ತಿ, ಸ್ವಲ್ಪ ಸೊಟ್ಟ ಮಾಡಿ ತೋರಿಸುತ್ತೇನೆ. ಗೊತ್ತಿಲ್ಲದವರು ಒಂದಕ್ಕೆ ಹೊರಟನೇನೋ ಎಂದು ನಗುತ್ತಾರೆ, ನಗಲಿ. ನನ್ನ ಮಗಳು ಒದ್ದ ಚೆಂಡನ್ನು ತಡೆಯಲು ಸ್ವೀಡನ್ ದೇಶದ ಗೋಲ್‌ಕೀಪರೊಬ್ಬ ಬೆರಳು ಮುರಿದುಕೊಂಡ. ಆದರೂ ತಡೆಯಲು ಅವನಿಂದಾಗಲಿಲ್ಲ.