ರಿವರ್ಸ್ ಪಂಡಿತ ವರ್ಲಿನ್

ವರ್ಲಿನ್ ಹೌಗನ್ ಉತ್ತರ ಡಕೋಟದಲ್ಲಿ ಮೂವತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವನು. ಯೂಮಾದ ನಮ್ಮ ಮನೆಗಾಡಿ ಪಾರ್ಕಿನಲ್ಲಿ ಈ ಸಂಗತಿ ಯಾರಿಗಾದರೂ ಗೊತ್ತಿಲ್ಲವೆಂದರೆ ಅವರು ಅವತ್ತು ಬೆಳಗ್ಗೆಯಷ್ಟೇ ಬಂದಿಳಿದಿರಬೇಕು, ಇಲ್ಲವೇ ಕಿವಿಗೆ ಹಾಕುವ ಯಂತ್ರವನ್ನು ಗಾಡಿಯಲ್ಲೇ ಮರೆತಿರಬೇಕು.

ನಮ್ಮ ಪಾರ್ಕಿನಲ್ಲಿ ಐವತ್ತೈದು ದಾಟದವರಿಗೆ ಜಾಗವಿಲ್ಲ. ಎಪ್ಪತ್ತು ದಾಟದವರನ್ನು ನಾವು ಹುಡುಗರೆಂದೇ ಕರೆಯುವುದು. ನವೆಂಬರಿನಲ್ಲಿ, ಊರಲ್ಲಿ ಹಿಮ ಬೀಳುವ ಹೊತ್ತಿಗೆ, ಮನೆಗಾಡಿಗಳನ್ನು ಓಡಿಸಿಕೊಂಡು ಅರಿಜೋನದ ಈ ಮರಳಿಗೆ ಬಂದುಬಿಟ್ಟರೆ ಏಪ್ರಿಲಿನವರೆಗೆ ಬಿಸಿಲು ಕಾಯಿಸುವುದೇ ಉದ್ಯೋಗ. ಬೆಳಗ್ಗೆ ಎದ್ದ ಕೂಡಲೇ ಊರಿನ ಚಳಿ ಎಷ್ಟೆಂದು ಫೋನಿನಲ್ಲಿ ನೋಡಿ, ಅಲ್ಲೇ ಉಳಿದವರಿಗೆ ಕರೆ ಮಾಡಿ ‘ಅಯ್ಯೋ ಪಾಪ’ ಅನ್ನುತ್ತೇವೆ. ಕಾಫಿ ಅದಾದ ಮೇಲೆ. ರಾತ್ರಿಯೂಟ ಸಂಜೆ ನಾಲ್ಕೂವರೆಗೆ. ಮಿಕ್ಕ ಹೊತ್ತು ಒಬ್ಬರ ಮಂಡಿಯ ವಿಚಾರ ಇನ್ನೊಬ್ಬರು ಕೇಳುವುದು.

ಇಂಥವರಿಗೆ ಹೊಸ ಗಾಡಿಯೊಂದು ಗೇಟಿನೊಳಗೆ ಬಂತೆಂದರೆ ಅದೇ ಹಬ್ಬ. ಎರಡು ಗಾಡಿಗಳ ನಡುವಿನ ಇಕ್ಕಟ್ಟು ಜಾಗಕ್ಕೆ ನಲವತ್ತಡಿ ಉದ್ದದ ಮನೆಯನ್ನು ಹಿಮ್ಮುಖವಾಗಿ ತೂರಿಸಬೇಕು. ಹಿಂದೆ ನಿಂತ ಹೆಂಡತಿ ಕೈಬೀಸಿ ದಾರಿ ತೋರಿಸುತ್ತಾಳೆ, ಒಳಗಿರುವ ಗಂಡ ಕಿರುಚಾಡುತ್ತಾನೆ. ಐವತ್ತು ವರ್ಷ ಸಂಸಾರ ಮಾಡಿದವರೂ ಆ ಐದು ನಿಮಿಷದಲ್ಲಿ ವಿಚ್ಛೇದನದ ಬಾಗಿಲಿಗೆ ಹೋಗಿ ಬಂದದ್ದನ್ನು ನಾವು ಕಂಡಿದ್ದೇವೆ. ನಾವೆಲ್ಲ ಮಡಚುವ ಕುರ್ಚಿ ಹಾಕಿಕೊಂಡು ಕೂತು ನೋಡುತ್ತೇವೆ. ಕಾಗದದ ಊಟದ ತಟ್ಟೆಯ ಮೇಲೆ ಹತ್ತಕ್ಕೆ ಎಷ್ಟೆಂದು ದಪ್ಪ ಮಸಿಯಲ್ಲಿ ಬರೆದು ಎತ್ತಿ ಹಿಡಿಯುತ್ತೇವೆ. ಈ ತಟ್ಟೆಯ ಪದ್ಧತಿ ತಂದವನು ವರ್ಲಿನ್ನೇ. ಅವನು ಏಳರ ಮೇಲೆ ಯಾರಿಗೂ ಕೊಟ್ಟವನಲ್ಲ.

ಅವನ ಸ್ವಂತ ಗಾಡಿ ಮಾತ್ರ ಪ್ರತಿ ವರ್ಷ ಬೆಣ್ಣೆಯಲ್ಲಿ ಕೂದಲೆಳೆದಂತೆ ಒಳಗೆ ಹೋಗುತ್ತಿತ್ತು. ಹಿಂದಿನ ಕ್ಯಾಮೆರಾ ಕೆಟ್ಟಾಗ, “ಬಸ್ಸು ಓಡಿಸಿದವನಿಗೆ ಕ್ಯಾಮೆರಾ ಯಾಕಪ್ಪಾ?” ಎಂದು ರಿಪೇರಿಯನ್ನೂ ಮಾಡಿಸಲಿಲ್ಲ. ಅಸಲಿ ಕ್ಯಾಮೆರಾ ಎಂದರೆ ಹಿಂದೆ ನಿಂತು ಕೈಬೀಸುವ ಹೆಂಡತಿ ಮಾರ್ಲಿಸ್. ಅದನ್ನು ವರ್ಲಿನ್ ಯಾರೆದುರೂ ಒಪ್ಪಿಕೊಂಡವನಲ್ಲ.

ಅವನು ಒಪ್ಪಿಕೊಳ್ಳದ ಇನ್ನೊಂದು ಸಂಗತಿಯಿತ್ತು. ಎರಡು ಚಳಿಗಾಲದ ಹಿಂದೆ ನಮ್ಮೆಲ್ಲರಂತೆ ಅವನೂ ಅಗ್ಗದ ಕನ್ನಡಕಕ್ಕೆಂದು ಗಡಿ ದಾಟಿ ಮೆಕ್ಸಿಕೋಗೆ ಹೋಗಿದ್ದ. ಕಣ್ಣು ನೋಡಿದವನು, ಎಡಗಣ್ಣಿನ ಪರದೆ ಸವೆದುಹೋಗಿದೆ, ಇದು ಕನ್ನಡಕಕ್ಕೆ ಬಗ್ಗುವುದಲ್ಲ ಎಂದು ಚೀಟಿ ಬರೆದುಕೊಟ್ಟ. ವರ್ಲಿನ್ ಗಾಡಿಗೆ ಬಂದು ಹೆಂಡತಿಗೆ, “ನಂಬರ್ ಏನೂ ಬದಲಾಗಿಲ್ವಂತೆ,” ಎಂದ. ನಿಜ ಹೇಳಿದರೆ ಸ್ಟೀರಿಂಗು ಹೋಗುತ್ತದೆ, ಸ್ಟೀರಿಂಗು ಹೋದರೆ ಯೂಮಾ ಹೋಗುತ್ತದೆ, ಆಮೇಲೆ ಊರಲ್ಲಿ ಕೂತು ‘ಅಯ್ಯೋ ಪಾಪ’ ಎನ್ನಿಸಿಕೊಳ್ಳುವ ಸರದಿ ತನ್ನದು. ಮೊದಮೊದಲು ಊಟದ ಮೇಜಿನ ಮೇಲೆ ಕೈತಡವಿ ಉಪ್ಪಿನ ಡಬ್ಬಿ ಬೀಳಿಸುತ್ತಿದ್ದ. ಆಮೇಲೆ ಅದೂ ನಿಂತಿತು. ರೂಢಿಯಾಗಿಬಿಟ್ಟಿದೆ, ಒಂದೇ ಕಣ್ಣಲ್ಲಿ ಧಾರಾಳವಾಗಿ ಸಾಗುತ್ತದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಅದೃಷ್ಟವೂ ಅವನ ಕಡೆಗಿತ್ತು. ಅದುವರೆಗೆ ಗಾಡಿಯ ಎಡಕ್ಕೆ ನಿಂತು ಕೈಬೀಸುತ್ತಿದ್ದ ಮಾರ್ಲಿಸ್, ಅದೇಕೋ ಬಲಕ್ಕೆ ನಿಲ್ಲತೊಡಗಿದಳು. ಬಲಗಡೆಯ ಕನ್ನಡಿಯಲ್ಲಿ ಅವಳ ಕೆಂಪು ಕೈಗವಸು ನಿಚ್ಚಳವಾಗಿ ಕಾಣುತ್ತಿತ್ತು. ಇದು ಅವಳ ತಪ್ಪೆಂದೇ ವರ್ಲಿನ್ ತಿಳಿದ. ತಪ್ಪಿನ ಲಾಭ ಪಡೆದು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ಅವನ ಜಾತಕದಲ್ಲಿ ಬರೆದಿರಲಿಲ್ಲ.

ಕಳೆದ ಮಾರ್ಚಿನ ಬೀಳ್ಕೊಡುಗೆ ಊಟದಲ್ಲಿ, ಆಲೂಗಡ್ಡೆ-ಮಾಂಸದ ಬಿಸಿ ತಟ್ಟೆ ಹಿಡಿದುಕೊಂಡು ಎಲ್ಲರೆದುರು ಶುರುಮಾಡಿದ. “ನಮ್ಮವಳಿಗೆ ವಯಸ್ಸಾಯ್ತು ಕಣ್ರಯ್ಯಾ. ಎಡಕ್ಕೆ ನಿಲ್ಲಬೇಕು ಅನ್ನೋದೂ ಮರೆತುಹೋಗಿದೆ. ಇವಳ ಕೈ ನಂಬಿದ್ರೆ ಗಾಡಿ ಈಜುಕೊಳದಲ್ಲಿ ಇರ್ತಿತ್ತು!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರ್ಲಿಸ್ ನಗಲಿಲ್ಲ. ತಾನು ಮಾಡಿ ತಂದಿದ್ದ ಹಸಿರು ಜೆಲ್ಲಿಯನ್ನು ಎಲ್ಲರಿಗೂ ಬಡಿಸಿದಳು, ಗಂಡನ ತಟ್ಟೆಯೊಂದನ್ನು ಬಿಟ್ಟು.

ಪಕ್ಕದ ಗಾಡಿಯ ಓರೆಸ್ಟ್, ಕೆನಡಾದ ಗೋಧಿ ರೈತ, ಕೀಟಲೆಗೆ ಹುಟ್ಟಿದವನು. “ಹಂಗಾದ್ರೆ ಬರೋ ಸಲ ಅವಳಿಲ್ದೆ ಗಾಡಿ ಹಿಂದಕ್ಕೆ ತೆಗಿ ನೋಡೋಣ,” ಎಂದ.

“ತೆಗೀತೀನಿ. ಒಂದು ಎಲೆ ಅಲ್ಲಾಡಿದ್ರೂ ಗಾಡಿ ಮಾರಿ ಊರಲ್ಲಿ ಹಿಮ ಬಾಚ್ಕೊಂಡಿರ್ತೀನಿ!”

ಮುದುಕರ ಮರೆವನ್ನು ನಂಬಿಕೊಂಡು ವರ್ಲಿನ್ ಈ ನವೆಂಬರಿನಲ್ಲಿ ಮತ್ತೆ ಬಂದ. ನಮಗೆ ಮಾತ್ರೆ ನುಂಗಿದೆವೋ ಇಲ್ಲವೋ ಮರೆಯುತ್ತದೆ, ಇಂಥದ್ದು ಮರೆಯುವುದಿಲ್ಲ. ಅವನ ನೂರಾಹನ್ನೆರಡನೇ ಜಾಗದೆದುರು ಮೂರು ಸಾಲು ಕುರ್ಚಿ ಬಿದ್ದಿತ್ತು. ಮಾರ್ಲಿಸ್ ಗಾಡಿಯಿಂದಿಳಿದಳು, ತನ್ನ ಕುರ್ಚಿಯನ್ನೂ ತೆಗೆದುಕೊಂಡು ಹೋಗಿ ಲವಾನ್ ಎಂಬ ಗೆಳತಿಯ ಪಕ್ಕ ಕೂತುಬಿಟ್ಟಳು. ಲವಾನ್ ಅವಳಿಗೊಂದು ತಟ್ಟೆಯನ್ನೂ ಕೊಟ್ಟಳು.

“ಮಾರ್ಲಿಸ್, ಸ್ವಲ್ಪ ಬಾರೇ ಇಲ್ಲಿ,” ಎಂದು ವರ್ಲಿನ್ ಕಿಟಕಿಯಿಂದ ಮೆಲ್ಲಗೆ ಕರೆದ.

“ನಂಗೆ ವಯಸ್ಸಾಗಿದೆ. ಎಡ ಬಲ ತಿಳಿಯಲ್ಲ,” ಎಂದಳು ಮಾರ್ಲಿಸ್, ಜೋರಾಗಿ.

ಬೇರೆ ದಾರಿಯಿರಲಿಲ್ಲ. ವರ್ಲಿನ್ ಗೇರು ಹಾಕಿದ. ಬಲಗಡೆಯ ಕನ್ನಡಿಯಲ್ಲಿ ಕೆಂಪು ಕೈಗವಸಿಲ್ಲ, ಬರೀ ಬಿಸಿಲು. ಎಡಗಡೆಯ ಕನ್ನಡಿಯನ್ನು ಪೂರ್ತಿ ತಿರುಗಿ ನೋಡೋಣವೆಂದರೆ ಕತ್ತು ತಿರುಗುವುದಿಲ್ಲ. ಅಲ್ಲಿದ್ದ ಚಕೋತ ಹಣ್ಣಿನ ಮರ ಅವನಿಗೆ ಬೂದು ಮೋಡದಂತೆ ಕಂಡಿತು. ಮೋಡಕ್ಕೆ ಗಾಡಿ ತಾಗಿದರೆ ಏನಾಗುತ್ತದೆ ಎಂದುಕೊಂಡೋ ಏನೋ, ಬ್ರೇಕಿನ ಮೇಲಿನ ಕಾಲು ಸಡಿಲಿಸಿದ.

ಮೋಡ ಲಟಕ್ಕೆಂದಿತು. ಆಮೇಲೆ ಗಾಡಿಯ ತಾರಸಿಯ ಮೇಲೆ ಚಕೋತಗಳು ಒಂದೊಂದಾಗಿ ದಡ್ ದಡ್ ಎಂದು ಬಿದ್ದವು. ಒಂದು ಮುಂದಿನ ಗಾಜಿನ ಮೇಲೆ ಉರುಳಿಕೊಂಡು ಬಂದು, ವರ್ಲಿನ್ನನ ಮುಖದೆದುರು ನಿಂತು ಅವನನ್ನೇ ನೋಡಿತು.

ಅವನು ಇಳಿದು ಬಂದ. “ನಮ್ ಕಡೆ ಹಣ್ಣು ಕೀಳೋದು ಹೀಗೇನೇ,” ಎಂದ.

ಯಾರೂ ನಗಲಿಲ್ಲ. ನಗುವುದಕ್ಕೆಂದೇ ಬಂದಿದ್ದ ಓರೆಸ್ಟ್ ಕೂಡ ತಟ್ಟೆಯನ್ನು ತೊಡೆಯ ಮೇಲೆ ಬೋರಲು ಹಾಕಿದ. ನಮ್ಮಲ್ಲಿ ಕಣ್ಣು, ಕಾಲು, ನೆನಪು ಯಾವುದೂ ಸವೆಯದವರು ಯಾರಿದ್ದಾರೆ? ಮೂರು ಸಾಲಿಗೂ ಅರ್ಥವಾಗಿತ್ತು. ಆ ಮೌನವನ್ನು ತಡೆಯುವುದು ವರ್ಲಿನ್ನನಿಗೆ ನಗುವಿಗಿಂತ ಕಷ್ಟವಾಯಿತು. ಲವಾನಳ ಕೈಯಿಂದ ತಟ್ಟೆ ಕಿತ್ತುಕೊಂಡು, ದೊಡ್ಡದೊಂದು ಸೊನ್ನೆ ಬರೆದು, ತಾನೇ ತಲೆಯ ಮೇಲೆತ್ತಿ ಹಿಡಿದ.

“ಎಡಗಣ್ಣು ಹೋಗಿದೆ ಕಣ್ರಪ್ಪಾ. ಎರಡು ವರ್ಷ ಆಯ್ತು. ನಿಮಗೆಲ್ಲ ಅಂಕ ಕೊಡ್ತಿದ್ದೋನು ಅರ್ಧ ಕುರುಡ. ಮಾರ್ಲಿಸ್, ನಿಂಗೂ ಸುಳ್ಳು ಹೇಳ್ದೆ. ಗಾಡಿ ಮಾರೋಣ.”

“ಚೀಟಿ ನಿನ್ ಅಂಗಿ ಜೇಬಲ್ಲೇ ಇತ್ತು,” ಎಂದಳು ಮಾರ್ಲಿಸ್. “ಬಟ್ಟೆ ಒಗೆಯೋಳು ನಾನಲ್ವಾ? ನಾನು ಬಲಕ್ಕೆ ನಿಲ್ಲೋಕೆ ಶುರು ಮಾಡಿದ್ದು ಯಾಕೆ ಅಂದ್ಕೊಂಡಿದ್ದೆ?”

ಮಾರ್ಚಿನ ಊಟ, ತನ್ನ ಜೋಕು, ಬಡಿಸದೆ ಬಿಟ್ಟ ಜೆಲ್ಲಿ ಎಲ್ಲ ಒಟ್ಟಿಗೇ ನೆನಪಾಗಿ ವರ್ಲಿನ್ನನ ಕಿವಿ ಕೆಂಪಾಯಿತು.

“ಹೇಳಬಾರದಿತ್ತೇನೇ?”

“ನೀನೇ ಹೇಳ್ತೀಯ ಅಂತ ಕಾದೆ. ದಾರಿಯುದ್ದ ‘ಎಡಕ್ಕೆ ಲಾರಿ ಬಂತು, ಎಡಕ್ಕೆ ಲಾರಿ ಬಂತು’ ಅಂತ ಪ್ರಾಣ ಕೈಯಲ್ಲಿ ಹಿಡ್ಕೊಂಡು ಕಾದೆ. ಅದು ನನ್ ತಪ್ಪು. ಗಾಡಿ ಮಾರ್ತೀನಿ ಅಂದೋನು ನೀನು. ನಾನು ಅಂದಿಲ್ಲ. ಕೀಲಿ ಕೊಡು.”

“ನಿಂಗೆ ಓಡಿಸೋಕೆ…”

“ಮದುವೆಗೆ ಮುಂಚೆ ಅಪ್ಪನ ಗೋಧಿ ಲಾರಿ ಹಿಂದಕ್ಕೆ ತೆಗೀತಿದ್ದೋಳು ಯಾರು? ಇಲ್ಲಿಗೆ ಬರೋಕೆ ಶುರು ಮಾಡಿ ಹನ್ನೊಂದು ವರ್ಷ, ಓಡಿಸ್ತೀಯಾ ಅಂತ ಒಂದ್ಸಲ ಕೇಳಿದ್ಯಾ? ಕೊಡು ಅಂದ್ರೆ ಕೊಡು.”

ಕೊಟ್ಟ. ಮಾರ್ಲಿಸ್ ಹತ್ತಿ ಕೂತು, ಸೀಟನ್ನು ಮುಂದಕ್ಕೆಳೆದು, ಎರಡೂ ಕನ್ನಡಿಗಳನ್ನು ತನಗೆ ಬೇಕಾದಂತೆ ತಿರುಗಿಸಿಕೊಂಡಳು. ವರ್ಲಿನ್ ಹಿಂದೆ ಹೋಗಿ ನಿಂತು ಎರಡೂ ಕೈ ಬೀಸತೊಡಗಿದ. ಬಾ ಎನ್ನುವಲ್ಲಿ ನಿಲ್ಲು ಎಂದ, ನಿಲ್ಲು ಎನ್ನುವಲ್ಲಿ ಸೊಳ್ಳೆ ಓಡಿಸಿದ. ಅವಳು ಅವನತ್ತ ನೋಡಲೇ ಇಲ್ಲ. ಗಾಡಿ ಒಂದೇ ಸಲಕ್ಕೆ, ಮರಕ್ಕೂ ಕರೆಂಟಿನ ಕಂಬಕ್ಕೂ ಒಂದೊಂದು ಮೊಳ ಬಿಟ್ಟು, ಒಳಗೆ ಹೋಗಿ ನಿಂತಿತು. ಮೂರು ಸಾಲಿನಲ್ಲೂ ಹತ್ತರ ತಟ್ಟೆಗಳೆದ್ದವು. ಈಗ ನಕ್ಕರು, ಮನಸಾರೆ ನಕ್ಕರು. ವರ್ಲಿನ್ನನ ನಗು ಎಲ್ಲರದಕ್ಕಿಂತ ಜೋರಾಗಿತ್ತು. ಏಪ್ರಿಲಿನಲ್ಲಿ ಊರಿಗೆ ಓಡಿಸುವವಳು ಯಾರೆಂದು ಯಾರೂ ಕೇಳಲಿಲ್ಲ.

ನಾಲ್ಕೂವರೆಗೆ ಗಾಡಿಯೊಳಗೆ ಇಬ್ಬರೇ ಊಟಕ್ಕೆ ಕೂತರು. ಹೋಳು ಮಾಡಿದ ಚಕೋತವೂ ಮೇಜಿನ ಮೇಲಿತ್ತು. ವರ್ಲಿನ್ ಅಭ್ಯಾಸಬಲದಿಂದ ಬಲಗೈ ಚಾಚಿ ಉಪ್ಪಿನ ಡಬ್ಬಿ ಎತ್ತಿಕೊಂಡವನು ಅದನ್ನು ಹಿಡಿದೇ ಮೇಜನ್ನು ನೋಡಿದ. ಕಾಫಿ ಲೋಟ ಬಲಕ್ಕಿತ್ತು. ಫೋನು ಬಲಕ್ಕಿತ್ತು. ಮಾರ್ಲಿಸ್ ಬಲಕ್ಕೆ ಕೂತಿದ್ದಳು. ಮದುವೆಯಾದಾಗಿನಿಂದ ಅವಳು ಕೂರುತ್ತಿದ್ದುದು ಅವನ ಎಡಕ್ಕೆ.

“ಉಪ್ಪು ಯಾವಾಗಿಂದ ಈ ಕಡೆ ಇದೆ?” ಎಂದು ಕೇಳಿದ.

“ನೀನು ತಡಕಾಡೋದು ಬಿಟ್ಟೆಯಲ್ಲ, ಆವಾಗಿಂದ,” ಎಂದಳು ಮಾರ್ಲಿಸ್. “ತಿನ್ನು, ಆರಿಹೋಗತ್ತೆ.”