ಒಳಮನೆಗೆ ಬಂದ ಉದ್ದ ಹುಡುಗ

ಪೀಣ್ಯದ ಫ್ಯಾಕ್ಟರಿಗಳು ನಮ್ಮ ಹೊಲ ನುಂಗಿದ ಮೇಲೆ ಉಳಿದ ತುಂಡು ಜಾಗದಲ್ಲಿ ಅಪ್ಪ ಸಾಲಾಗಿ ಶೀಟಿನ ರೂಮುಗಳನ್ನು ಕಟ್ಟಿಸಿದ. ರಾಗಿ ಬೆಳೆಯುತ್ತಿದ್ದವನು ಈಗ ಬಾಡಿಗೆದಾರರನ್ನು ಬೆಳೆಯುತ್ತಾನೆ ಎಂದು ಊರಿನವರು ಆಡಿಕೊಂಡರು. ಆಡಿಕೊಂಡವರೆಲ್ಲ ಒಂದೆರಡು ವರ್ಷದಲ್ಲಿ ತಾವೂ ರೂಮು ಕಟ್ಟಿಸಿದರು, ಆ ಮಾತು ಬೇರೆ. ನಮ್ಮಲ್ಲಿ ಇದ್ದವರೆಲ್ಲ ಲೇತ್ ಮೆಶಿನ್ ಮೇಲೆ ದುಡಿಯುವವರು, ಶಿಫ್ಟು ಮುಗಿಸಿ ಬಂದು ಮಲಗುವವರು. ಎಂಬತ್ತರ ದಶಕದ ಶುರುವಿನಲ್ಲಿ ಆ ಸಾಲಿನ ಕೊನೆಯ ರೂಮಿಗೆ ಸುಡಾನ್ ದೇಶದ ಒಬ್ಬ ವಿದ್ಯಾರ್ಥಿ ಬಂದ.

ಅವನು ಸಿಟಿಯ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದ. ಪ್ರಾಜೆಕ್ಟ್ ಕೆಲಸಕ್ಕೆ ಪೀಣ್ಯದ ಫ್ಯಾಕ್ಟರಿಗೆ ದಿನಾ ಬರಬೇಕಿತ್ತು. ಸಿಟಿಯಲ್ಲಿ ಅವನಿಗೆ ಮನೆ ಕೊಡುವವರೂ ಇರಲಿಲ್ಲವಂತೆ. ಬೋರ್ಡು ನೋಡಿ ಬಾಗಿಲು ತಟ್ಟಿದರೆ, ಅವನ ಮುಖ ಕಂಡ ಕೂಡಲೇ ಖಾಲಿ ಮನೆಗೆ ಯಾರೋ ಆಗಲೇ ಬಂದುಬಿಟ್ಟಿರುತ್ತಿದ್ದರು. ಕೊನೆಗೆ ಫ್ಯಾಕ್ಟರಿಯ ಫಿಟ್ಟರ್ ಒಬ್ಬ, ನಮ್ಮದೇ ಸಾಲಿನ ಒಂದು ರೂಮಿನಲ್ಲಿದ್ದವನು, ಅಪ್ಪನನ್ನು ಒಪ್ಪಿಸಿ ಕರೆತಂದ.

ನಾವೇನೂ ಸಿಟಿಯವರಿಗಿಂತ ದೊಡ್ಡ ಮನಸ್ಸಿನವರಲ್ಲ. ಅವ್ವ ಅವನಿಗೆಂದು ಬೇರೆ ಲೋಟ ಇಟ್ಟಳು. ಸಾರು ಕೊಟ್ಟರೆ ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು. ಜಗಲಿಯವರೆಗೆ ಬರಬಹುದು, ಹೊಸ್ತಿಲು ದಾಟಬಾರದು. ಅವನು ಬಾಗಿಲ ಚೌಕಟ್ಟಿಗಿಂತ ಎತ್ತರ ಇದ್ದ. ಅವನ ಹೆಸರು ಅವ್ವನ ನಾಲಿಗೆಗೆ ಹತ್ತಲೇ ಇಲ್ಲ, ಹಾಗಾಗಿ ‘ಉದ್ದುಡುಗ’ ಎಂದು ಕರೆದಳು. ಫ್ಯಾಕ್ಟರಿಯ ಹುಡುಗರಿಂದ ಕಲಿತ ನಾಲ್ಕು ಕನ್ನಡ ಮಾತುಗಳಲ್ಲಿ ಅವನು ಅವಳನ್ನು ‘ಅವ್ವ’ ಎಂದ. ಮೊದಲ ಸಲ ಹಾಗೆ ಕರೆದಾಗ ಅವಳು ಒಳಗೆ ಹೋಗಿ ಸುಮ್ಮನೆ ನಕ್ಕಿದ್ದು ನನಗೆ ನೆನಪಿದೆ.

ಆ ವರ್ಷ ನಾನು ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಎಂದರೆ ನನಗೆ ಹೊಟ್ಟೆನೋವು ಬರುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಮೇಲೆ ಅಪ್ಪ ಒಂದೇ ಮಾತು ಹೇಳಿದ್ದ: ಪಾಸಾದರೆ ಓದು, ಇಲ್ಲವಾದರೆ ಸೋದರಮಾವ ಕಾದಿದ್ದಾನೆ. ನನ್ನ ಸೋದರಮಾವನನ್ನು ನೋಡಿದವರಿಗೆ ನಾನು ಯಾಕೆ ಓದಲು ಕೂತೆ ಎಂದು ಬಿಡಿಸಿ ಹೇಳಬೇಕಿಲ್ಲ. ಇದನ್ನು ಫಿಟ್ಟರ್ ಬಾಯಿಂದ ತಿಳಿದ ಉದ್ದ ಹುಡುಗ, ಸಂಜೆ ಜಗಲಿಗೆ ಬಂದು ಪಾಠ ಹೇಳಿಕೊಡುವುದಾಗಿ ತಾನೇ ಮುಂದೆ ಬಂದ.

ಅವನ ಪಾಠ ಶಾಲೆಯ ಪಾಠದಂತಿರಲಿಲ್ಲ. ಪುಸ್ತಕ ಮುಚ್ಚಿಸುತ್ತಿದ್ದ. ಕಣ್ಣೆದುರು ಏನಿದೆಯೋ ಅದನ್ನು ಇಂಗ್ಲಿಷಿನಲ್ಲಿ ಹೇಳು ಎನ್ನುತ್ತಿದ್ದ. ಕೋಳಿ ಬಂತು, ನಲ್ಲಿಯಲ್ಲಿ ನೀರಿಲ್ಲ, ಅಪ್ಪ ಬೀಡಿ ಹುಡುಕುತ್ತಿದ್ದಾನೆ. ನಾನು ದೊಡ್ಡ ದೊಡ್ಡ ಮಾತು ಜೋಡಿಸಲು ಹೋದರೆ ಕೈಯೆತ್ತಿ ನಿಲ್ಲಿಸುತ್ತಿದ್ದ. ನಡೆದದ್ದನ್ನು ನಡೆದ ಹಾಗೆ ಹೇಳಲು ಬಂದರೆ ಸಾಕು, ಅಷ್ಟೇ ಇಂಗ್ಲಿಷ್ ಎನ್ನುವುದು ಅವನ ಮತ. ಸಂಕ್ರಾಂತಿಯ ಹೊತ್ತಿಗೆ ನನ್ನ ಹೊಟ್ಟೆನೋವು ಹೋಗಿತ್ತು.

ಅವನ ಪರೀಕ್ಷೆ ಬೇಸಿಗೆಯಲ್ಲಿತ್ತು. ಅದು ಮುಗಿದರೆ ಎಂಜಿನಿಯರ್ ಆಗಿ ಊರಿಗೆ. ಅವರ ಮನೆಯಲ್ಲಿ ಕಾಲೇಜು ಕಂಡವನು ಅವನೊಬ್ಬನೇ. ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದ ಅಣ್ಣ ಅವನನ್ನು ಓದಿಸುತ್ತಿದ್ದ. ಅಣ್ಣನ ಮಾತು ಬಂದರೆ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ ಅವನು ಪಾಠಕ್ಕೆ ಬರಲಿಲ್ಲ. ಮೈ ಸುಡುತ್ತಿದೆ ಎಂದು ಫಿಟ್ಟರ್ ಬಂದು ಹೇಳಿದ. ಮಾರನೆಯ ದಿನ ಅವನ ಎದೆಯ ಮೇಲೆ, ಕುತ್ತಿಗೆಯ ಮೇಲೆ ನೀರುಗುಳ್ಳೆಗಳು ಎದ್ದವು. ಅವ್ವ ರೂಮಿನ ಬಾಗಿಲಲ್ಲಿ ನಿಂತು ನೋಡಿದವಳು ಸೆರಗು ಹೊದ್ದು ಕೈಮುಗಿದಳು. ನಮ್ಮಲ್ಲಿ ಅದನ್ನು ಕಾಯಿಲೆ ಎನ್ನುತ್ತಿರಲಿಲ್ಲ. ಅಮ್ಮ ಎನ್ನುತ್ತಿದ್ದರು. ಊರ ಗಡಿಯ ಮಾರಮ್ಮ ಮೈಮೇಲೆ ಎದ್ದಿದ್ದಾಳೆ ಎಂದು ಅರ್ಥ. ಸಿಡುಬು ದೇಶ ಬಿಟ್ಟು ಹೋಯಿತು, ತೋರಿಸಿಕೊಟ್ಟವರಿಗೆ ಸರ್ಕಾರದ ಬಹುಮಾನ ಎಂದು ಪಂಚಾಯ್ತಿ ಆಫೀಸಿನ ಗೋಡೆಯ ಮೇಲೆ ಬರೆದದ್ದು ಇನ್ನೂ ಅಳಿಸಿರಲಿಲ್ಲ. ಅದನ್ನು ಓದಿದವರು ನಮ್ಮ ಊರಿನಲ್ಲಿ ಇದ್ದರು, ನಂಬಿದವರು ಇರಲಿಲ್ಲ.

ಹೊಸ್ತಿಲು ದಾಟಬಾರದಿದ್ದ ಹುಡುಗನನ್ನು ಅವ್ವ ಅಂದೇ ಒಳಮನೆಗೆ ಕರೆಸಿಕೊಂಡಳು. ಅಮ್ಮ ಬಂದವರನ್ನು ಶೀಟಿನ ರೂಮಿನಲ್ಲಿ ಬಿಡಬಾರದು. ದೇವರ ಗೂಡಿನ ಪಕ್ಕ ಚಾಪೆ ಹಾಸಿ, ಒಗೆದ ಸೀರೆ ಹಾಸಿ, ತಲೆದೆಸೆಗೆ ಬೇವಿನ ಸೊಪ್ಪಿಟ್ಟಳು. ಬಾಗಿಲಿಗೂ ಬೇವು ಕಟ್ಟಿದಳು, ಹೊರಗಿನವರು ಬರಬಾರದು ಎಂದು ತಿಳಿಯಲಿ ಅಂತ. ಮನೆಯಲ್ಲಿ ಒಗ್ಗರಣೆ ನಿಂತಿತು, ತಲೆ ಬಾಚುವುದು ನಿಂತಿತು. ಬೇರೆ ಲೋಟ ಎಲ್ಲಿ ಹೋಯಿತೋ, ಅವಳು ನಮ್ಮ ಲೋಟದಲ್ಲೇ ಮಜ್ಜಿಗೆ ಕುಡಿಸಿದಳು, ತಣ್ಣನೆಯ ಅಂಬಲಿ ಕುಡಿಸಿದಳು, ತುರಿಕೆ ಎಂದರೆ ಬೇವಿನ ಎಸಳಿನಿಂದ ನೇವರಿಸಿದಳು. ಬೆಳಿಗ್ಗೆ ಎದ್ದು ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅವನು ಮುಜುಗರದಿಂದ ಕಾಲು ಎಳೆದುಕೊಳ್ಳುತ್ತಿದ್ದ. ಅವಳು ಅಷ್ಟು ಅಕ್ಕರೆಯಿಂದ ನನ್ನನ್ನು ನೋಡಿಕೊಂಡದ್ದು ನನಗೆ ನೆನಪಿಲ್ಲ. ಹೊಟ್ಟೆಕಿಚ್ಚೂ ಆಯಿತು ಎನ್ನಿ.

ಮೂರನೆಯ ದಿನಕ್ಕೆ ಅವನ ದೇಶದ ಇಬ್ಬರು ಹುಡುಗರು ಸಿಟಿಯಿಂದ ಆಟೋ ಮಾಡಿಕೊಂಡು ಬಂದರು. ಆಸ್ಪತ್ರೆಗೆ ಸೇರಿಸುತ್ತೇವೆ ಎಂದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅವರ ಮಾತು ಅವಳಿಗೆ, ಅವಳ ಮಾತು ಅವರಿಗೆ ದಾಟಿಸಬೇಕಾದವಳು ನಾನು. ಅಮ್ಮ ಮೈಮೇಲಿದ್ದಾಗ ಹೊರಗೆ ಹೊರಡಿಸಬಾರದು, ಸೂಜಿ ಚುಚ್ಚಿಸಬಾರದು, ಚುಚ್ಚಿಸಿದರೆ ಅವಳು ಒಳಕ್ಕೆ ಇಳಿಯುತ್ತಾಳೆ, ಆಮೇಲೆ ಉಳಿಗಾಲವಿಲ್ಲ ಎಂದು ಅವ್ವ ಹೇಳಿದ್ದನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. ನಾನು ಹುಚ್ಚಿಯೇನಲ್ಲ, ನಾನೂ ಅದನ್ನೇ ನಂಬಿದ್ದೆ. ನಾನು ಚಿಕ್ಕವಳಿದ್ದಾಗ ನನ್ನ ತಮ್ಮನಿಗೆ ಅಮ್ಮ ಆಗಿ, ಹೀಗೇ ಬೇವಿನಲ್ಲಿ ಮಲಗಿ, ನೀರು ಹಾಕಿಸಿಕೊಂಡು ಎದ್ದು ಓಡಾಡಿದ್ದ. ಆಗ ಒಳಗಿನಿಂದ ಉದ್ದ ಹುಡುಗ ಅವರ ಭಾಷೆಯಲ್ಲಿ ಏನೋ ಕೂಗಿ ಹೇಳಿದ. ಇಬ್ಬರೂ ಕಿತ್ತಳೆ ಹಣ್ಣಿನ ಚೀಲ ಜಗಲಿಯ ಮೇಲಿಟ್ಟು ಹೊರಟುಹೋದರು.

ಮಕ್ಕಳಿಗೆ ಬಂದು ಹೋಗುವ ಹಾಗೆ ದೊಡ್ಡವರಿಗೆ ಹೋಗುವುದಿಲ್ಲ ಎಂದು ನಮಗೆ ಗೊತ್ತಿರಲಿಲ್ಲ. ಮೊದಲ ನೀರು ಹಾಕಲು ಅವ್ವ ಮಂಗಳವಾರ ಗೊತ್ತುಮಾಡಿದ್ದಳು. ಭಾನುವಾರ ಅವನ ಕೆಮ್ಮು ಶುರುವಾಯಿತು. ಸೋಮವಾರ ಬೆಳಿಗ್ಗೆ ಅವನ ಪಕ್ಕೆಗಳು ಉಸಿರಿಗೆ ಏರಿ ಇಳಿಯುವುದು ಹೊಸ್ತಿಲಿನಿಂದಲೇ ಕಾಣುತ್ತಿತ್ತು. ಅಷ್ಟು ದಿನ ಏನನ್ನೂ ಕೇಳದವನು ಆಗ ಕೇಳಿದ.

“ಅವ್ವ, ಡಾಕ್ಟರ್,” ಎಂದ.

ಅವ್ವ ಅವನ ಹಣೆಯ ಮೇಲೆ ಕೈಯಿಟ್ಟಳು. “ಬ್ಯಾಡ ಮಗ. ನಾಳೀಕ್ ನೀರ್ ಹಾಕ್ಬುಟ್ರೆ ಇಳಿದೋಯ್ತಾಳೆ. ಒಂದಿನ ತಡ್ಕೊ.”

ಅವನು ತಡೆದುಕೊಂಡ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ; ಅವ್ವನ ಮೇಲೋ, ಮಾರಮ್ಮನ ಮೇಲೋ, ಎಂಜಿನಿಯರಿಂಗ್ ಓದಿಯೂ ಅವಳ ಮಾತು ಮೀರದ ಅವನ ಮೇಲೋ ಹೇಳಲಾರೆ. ಮಧ್ಯಾಹ್ನ ಅವನ ತುಟಿ ನೀಲಿಯಾಯಿತು. ಅಪ್ಪ ಅವ್ವನನ್ನು ಒಂದು ಮಾತೂ ಕೇಳದೆ ಓಡಿಹೋಗಿ, ಅವನನ್ನು ಮಲಗಿಸಿ ಒಯ್ಯಲು ಫ್ಯಾಕ್ಟರಿಯ ವ್ಯಾನು ತಂದ. ಬೇವಿನ ತೋರಣ ಹರಿದು ಅವನನ್ನು ಹೊರಗೆ ತಂದರು. ಬಾಗಿಲಿಗೆ ತಲೆ ತಗಲದಂತೆ ಫಿಟ್ಟರ್ ಕೈ ಅಡ್ಡ ಇಟ್ಟಿದ್ದ. ಡಿಸ್ಪೆನ್ಸರಿ ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿತ್ತು. ಅಲ್ಲಿಗೆ ಮುಟ್ಟುವ ಮೊದಲೇ ಅವನು ಹೋದ.

ಅವನ ದೇಶದ ಹುಡುಗರೇ ಬಂದು ಅವರ ಪದ್ಧತಿಯಂತೆ ಮಣ್ಣು ಮಾಡಿದರು. ಅಪ್ಪ ಹೋಗಿದ್ದ. ಅವ್ವ ಒಳಮನೆಯನ್ನು ಸಾರಿಸಿದಳು. ಮಂಗಳವಾರಕ್ಕೆಂದು ಬೇವು ಹಾಕಿ ಬಿಸಿಲಿಗಿಟ್ಟಿದ್ದ ನೀರಿನ ಹಂಡೆಯನ್ನು ಯಾರೂ ಮುಟ್ಟಲಿಲ್ಲ. ಎಲೆ ಕೊಳೆತು ವಾಸನೆ ಬಂದ ಮೇಲೆ ಅಪ್ಪನೇ ಚೆಲ್ಲಿದ.

ಎರಡು ವಾರದ ಮೇಲೆ ಅವನ ಅಣ್ಣ ಬಂದ. ಹಡಗು ಬೊಂಬಾಯಿಗೆ ಬಂದಾಗ ಸುದ್ದಿ ಸಿಕ್ಕಿತ್ತಂತೆ. ತಮ್ಮನಷ್ಟೇ ಎತ್ತರ, ಕೈಗಳು ಮಾತ್ರ ಕೆಲಸಗಾರನ ಕೈಗಳು. ಅಪ್ಪ ಚಾಪೆ ಹಾಸಿ ಕೂರಿಸಿದ, ಜಗಲಿಯಲ್ಲಲ್ಲ, ನಡುಮನೆಯಲ್ಲಿ. ನನ್ನನ್ನು ಕರೆದರು. ಅಣ್ಣನ ಇಂಗ್ಲಿಷ್ ನನ್ನಷ್ಟೇ ಸರಳವಾಗಿತ್ತು, ಎಲ್ಲವೂ ಅರ್ಥವಾಯಿತು.

ತಾನು ಜಗಳಕ್ಕೆ ಬಂದಿಲ್ಲ ಎಂದ ಮೊದಲು. ಕರೆದೊಯ್ಯಲು ಬಂದ ಗೆಳೆಯರಿಗೆ ತಮ್ಮ ಒಳಗಿನಿಂದ ಏನು ಹೇಳಿದನೆಂದು ಆ ಗೆಳೆಯರೇ ತಿಳಿಸಿದ್ದರಂತೆ: ಇಲ್ಲಿ ನನಗೊಬ್ಬ ತಾಯಿ ಇದ್ದಾಳೆ, ಅವಳ ಕೈಯಿಂದ ಎದ್ದು ಬಂದರೆ ಅವಳಿಗೆ ನೋವಾಗುತ್ತದೆ, ನೀವು ಹೋಗಿ. ಆ ತಾಯಿಯನ್ನು ನೋಡಿ ಹೋಗಬೇಕೆಂದು ಬಂದೆ ಎಂದ. ಆಮೇಲೆ, ಊರಿನಲ್ಲಿ ನಮ್ಮ ತಾಯಿ ಕೇಳುತ್ತಾಳೆ, ಅವನನ್ನು ನೋಡಿದ ಡಾಕ್ಟರು ಏನು ಹೇಳಿದರು ಎಂದು ಕೇಳಿದ.

ನಾನು ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ಅಪ್ಪ ತಕ್ಷಣ, ಡಾಕ್ಟರ್ ಬಂದಿದ್ದರು, ಕೈಮೀರಿತ್ತು ಅಂತ ಹೇಳಿಬಿಡು ಎಂದು ಪಿಸುಗುಟ್ಟಿದ. ಅಲ್ಲಿಯವರೆಗೆ ಗೋಡೆಗೊರಗಿ ನೆಲ ನೋಡುತ್ತಿದ್ದ ಅವ್ವ ತಲೆಯೆತ್ತಿದಳು.

“ಸುಳ್ಳೇಳ್ಬ್ಯಾಡ. ಅವ್ನು ಕೇಳ್ದ, ನಾನ್ ಬ್ಯಾಡ ಅಂದೆ. ಅಂಗೇ ಏಳು.”

ಹಾಗೇ ಹೇಳಿದೆ. ಅವನು ಕೇಳಿದ, ನನ್ನ ಅವ್ವ ಬೇಡ ಎಂದಳು, ಡಾಕ್ಟರ್ ಬರಲಿಲ್ಲ. ಮೂರು ಸಣ್ಣ ವಾಕ್ಯ, ಒಂದೂ ತಪ್ಪಿಲ್ಲದೆ. ನಡೆದದ್ದನ್ನು ನಡೆದ ಹಾಗೆ. ನನಗೆ ಬೇಕಾದಷ್ಟು ಇಂಗ್ಲಿಷ್ ಬಂದಿದೆ ಎಂದು ಗೊತ್ತಾದದ್ದು ಆ ಹೊತ್ತಿನಲ್ಲಿ, ಮತ್ತು ಅದು ಬಾರದೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಅಣ್ಣ ಬೈಯಲಿಲ್ಲ. ಇಟ್ಟಿದ್ದ ಮಜ್ಜಿಗೆ ಮುಟ್ಟದೆ ಎದ್ದು, ತಮ್ಮನ ಟ್ರಂಕನ್ನು ಭುಜದ ಮೇಲೆ ಹೊತ್ತು ಬಸ್‌ಸ್ಟಾಪಿನ ಕಡೆ ನಡೆದ.

ಮರುದಿನ ನನಗೆ ಜ್ವರ ಬಂತು. ಸಂಜೆಗೆ ಕತ್ತಿನ ಕೆಳಗೆ ಎರಡು ಗುಳ್ಳೆ. ಅವ್ವ ಲಾಟೀನು ಹಿಡಿದು ನೋಡಿದಳು. ನಾನು ಅವಳು ಕೈಮುಗಿಯುತ್ತಾಳೆ ಎಂದುಕೊಂಡೆ. ಅವಳು ಲಾಟೀನು ಅಲ್ಲೇ ಇಟ್ಟು, ಚಪ್ಪಲಿಯನ್ನೂ ಮೆಟ್ಟದೆ ಡಿಸ್ಪೆನ್ಸರಿಗೆ ನಡೆದು, ಊಟಕ್ಕೆ ಕೂತಿದ್ದ ಡಾಕ್ಟರನ್ನು ಎಬ್ಬಿಸಿಕೊಂಡು ಬಂದಳು. ಬೀದಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಮಾರಮ್ಮನನ್ನು ಎದುರು ಹಾಕಿಕೊಳ್ಳುತ್ತಿದ್ದಾಳೆ ಎಂದು ಒಬ್ಬಳು ಎಲ್ಲರಿಗೂ ಕೇಳುವಂತೆ ಅಂದಳು.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು. ಚಿಕನ್‌ಪಾಕ್ಸು, ಎದೆಗೆ ಇಳಿದಿಲ್ಲ, ಜ್ವರ ಇಳಿಯಲಿ ಎಂದು ಒಂದು ಇಂಜೆಕ್ಷನ್ ಕೊಡುತ್ತೇನೆ ಎಂದರು. ಆ ಹುಡುಗನನ್ನೂ ಮೊದಲೇ ತೋರಿಸಿದ್ದರೆ ಏನಾದರೂ ಮಾಡಬಹುದಿತ್ತೋ ಏನೋ ಎಂದು ಅಪ್ಪನಿಗೆ ಹೇಳಿದರು. ಸೂಜಿ ಒಳಗೆ ಹೋಗುವಾಗ ಅವ್ವ ನನ್ನ ತೋಳು ಹಿಡಿದಿದ್ದಳು.

“ಅವ್ನ್ಗೆ ಬ್ಯಾಡ ಅಂದೆ,” ಎಂದಳು. “ನಿಂಗಾದ್ರೆ ಓಡೋದೆ.”

ಅದು ಅವಳು ನನಗೆ ಹೇಳಿದ್ದಲ್ಲ, ಯಾರಿಗೂ ಹೇಳಿದ್ದಲ್ಲ. ನಾನು ಮಾತ್ರ ಕೇಳಿಸಿಕೊಂಡೆ.

ಇಂಗ್ಲಿಷ್ ಪರೀಕ್ಷೆ ಬರೆಯುವ ದಿನ ನನ್ನ ಮೈಮೇಲೆ ಒಣಗಿದ ಹಕ್ಕಳೆಗಳಿದ್ದವು. ಪಾಸಾದೆ. ಸೋದರಮಾವ ಬೇರೆ ಕಡೆ ಹೆಣ್ಣು ನೋಡಿಕೊಂಡ. ಕೊನೆಯ ರೂಮಿಗೆ ಮುಂದೆ ಎಷ್ಟೋ ಜನ ಬಂದರು, ಓದುವ ಹುಡುಗರೂ ಬಂದರು. ಅವ್ವ ಎಲ್ಲರಿಗೂ ಸಾರು ಕೊಟ್ಟಳು, ನಮ್ಮ ಲೋಟದಲ್ಲೇ ನೀರು ಕೊಟ್ಟಳು, ಯಾರಿಗಾದರೂ ಮೈ ಬೆಚ್ಚಗಾದರೆ ಡಿಸ್ಪೆನ್ಸರಿಗೆ ತಾನೇ ಅಟ್ಟಿದಳು. ಆದರೆ ಅವರಲ್ಲಿ ಯಾವನಾದರೂ ಸಲಿಗೆಯಿಂದ ‘ಅವ್ವ’ ಎಂದು ಕರೆದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

“ಅಕ್ಕ ಅನ್ನಪ್ಪ,” ಎನ್ನುತ್ತಿದ್ದಳು. “ಅಷ್ಟೇ ಸಾಕು.”