ಮಸೀದಿಯ ಓರೆ ಸಾಲುಗಳು

ಅರಬರ ದ್ವೀಪದೂರು ಮುಹರ್ರಕ್‌ನ ದೋಣಿಗಾರರ ಓಣಿಯ ಮಸೀದಿಗೆ ಅಂದು ಮಧ್ಯಾಹ್ನದ ನಮಾಜಿಗೆಂದು ಬಂದ ಸನದ್ ಬಾಗಿಲಲ್ಲೇ ನಿಂತುಬಿಟ್ಟರು. ಹೊಸದಾಗಿ ಹಾಸಿದ್ದ ಜಮಖಾನೆಯ ಗೆರೆಗಳು ಗೋಡೆಗೆ ನೇರವಾಗಿರಲಿಲ್ಲ. ಓರೆಯಾಗಿ ಹರಿದು ಎಡಮೂಲೆಯ ಕಂಬಕ್ಕೆ ತಾಗಿದ್ದವು.

"ಯಾರಪ್ಪಾ ಇದನ್ನ ಸೊಟ್ಟಗೆ ಹಾಸಿದ್ದು?"

"ಜಮಖಾನೆ ನೆಟ್ಟಗೇ ಇದೆ ಬು ಫಾರಿಸ್, ಮಸೀದಿನೇ ಸೊಟ್ಟ," ಎಂದ, ಸನದರನ್ನು ಎಂದಿನಂತೆ 'ಫಾರಿಸನ ಅಪ್ಪ' ಎಂದು ಕರೆಯುತ್ತ, ಮೀನು ವ್ಯಾಪಾರಿ ಬು ಥಾನಿ. ನಲವತ್ತು ವರ್ಷದಿಂದ ನಮಾಜಿನ ಸಾಲಿನಲ್ಲಿ ಸನದರ ಪಕ್ಕವೇ ಅವನ ಜಾಗ. "ಅಳತೆಯವರು ಯಂತ್ರ ಇಟ್ಟು ನೋಡಿದ್ರಂತೆ. ಮೆಕ್ಕಾದ ದಿಕ್ಕಿಗೆ ಒಂಬತ್ತು ಡಿಗ್ರಿ ತಪ್ಪಿದೆಯಂತೆ. ಇಷ್ಟು ವರ್ಷ ನಿಮ್ಮಪ್ಪ ನಮ್ಮನ್ನೆಲ್ಲ ಯಾವೂರಿಗೆ ತಿರುಗಿಸಿ ನಿಲ್ಲಿಸಿದ್ರೋ!"

ಸುತ್ತಲಿದ್ದವರು ನಕ್ಕರು. ಸನದರಿಗೆ ನಗು ಬರಲಿಲ್ಲ. ಈ ಮಸೀದಿಯನ್ನು ಸಮುದ್ರದ ಕಲ್ಲಿನಿಂದ ಕಟ್ಟಿದ ಮೇಸ್ತ್ರಿ ಅವರ ತಂದೆ. ಆಗ ಹತ್ತೊಂಬತ್ತರ ಹರೆಯದ ಸನದ್ ಗಾರೆ ಕಲಸಿದವರು. ಹಡಗಿನ ಯಜಮಾನನೊಬ್ಬ ದಿಕ್ಸೂಚಿ ಹಿಡಿದು ನಿಂತದ್ದು, ಅಪ್ಪ ಹಗ್ಗ ಎಳೆದದ್ದು ಕಣ್ಣಿಗೆ ಕಟ್ಟಿದಂತಿತ್ತು. ತಾಯಿ ತೀರಿಕೊಂಡಾಗ ಅವರಿಗಾಗಿ ಮಾಡಿದ ಕೊನೆಯ ನಮಾಜೂ ಇಲ್ಲೇ ಆಗಿತ್ತು. ಅದು ಯಾವ ಕಡೆಗೆ ಹೋಯಿತು?

ಇಮಾಮ್ ಹಮೂದ್ ವಯಸ್ಸಿನಲ್ಲಿ ಸನದರ ಮಗನಷ್ಟಿದ್ದರು. ಸಮಾಧಾನದಿಂದಲೇ ಹೇಳಿದರು: "ಚಾಚಾ, ಅಷ್ಟು ಸಣ್ಣ ಓರೆಗೆ ನಮಾಜು ಕೆಡಲ್ಲ. ಮಾಡಿದ್ದೆಲ್ಲ ಸರಿಯಾಗೇ ಇದೆ."

"ಕೆಡಲ್ಲ ಅಂದ್ಮೇಲೆ ಜಮಖಾನೆ ಯಾಕೆ ತಿರುಗಿಸಿದ್ರಿ?"

"ಸರಿ ದಿಕ್ಕು ಗೊತ್ತಾದ್ಮೇಲೆ ಅತ್ತ ತಿರುಗಬೇಕಲ್ವಾ?"

"ಹಾಗಾದ್ರೆ ಮೊದಲಿನದು ತಪ್ಪು ಅಂತಾಯ್ತು."

"ತಪ್ಪಲ್ಲ ಚಾಚಾ."

ಸನದ್ ಮನೆಗೆ ಬಂದು ಹೆಂಡತಿ ಮೋಜಾಳಿಗೆ ಎಲ್ಲವನ್ನೂ ಒಪ್ಪಿಸಿದರು. ಅವಳು ಮೀನಿನ ಅನ್ನ ಬಡಿಸುತ್ತ, "ದೇವರಿಗೆ ನಿಮ್ಮ ಒಂಬತ್ತು ಡಿಗ್ರಿ ಕಾಣಿಸದೇ ಇರುತ್ತಾ? ಬಿಸಿ ಆರೋ ಮುಂಚೆ ಉಣ್ಣಿ," ಎಂದಳು. ಅವರು ತಟ್ಟೆಯನ್ನು ಒಮ್ಮೆ ಬಲಕ್ಕೆ ಸರಿಸಿದರು, ಮತ್ತೆ ಎಡಕ್ಕೆ.

ವಾರದ ಮೇಲೆ ಹಮೂದರೇ ಮನೆಗೆ ಬಂದರು. ಇಮಾಮರು ನಿಲ್ಲುವ ಗೋಡೆಯ ಗೂಡನ್ನು ಹೊಸ ದಿಕ್ಕಿಗೆ ತಿರುಗಿಸಿ ಕಟ್ಟಬೇಕಿತ್ತು. ಹಳೆಯ ಗಾರೆಯ ಕೆತ್ತನೆ ಬಲ್ಲವರು ಓಣಿಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಮರುದಿನ ಬೆಳಿಗ್ಗೆ ಸನದ್ ಉಳಿ, ಕರಣೆ ಹಿಡಿದು ಮಸೀದಿಯಲ್ಲಿದ್ದರು.

ಗೂಡಿನ ಸುತ್ತ ಅಪ್ಪ ಕೆತ್ತಿದ್ದ ಬಳ್ಳಿಗೆ ಉಳಿ ತಾಗಿಸಲು ಮನಸ್ಸು ಬರುವಷ್ಟರಲ್ಲಿ ಮಧ್ಯಾಹ್ನವೇ ಆಯಿತು. ಮೂರನೆಯ ದಿನ ಗೂಡಿನ ನೆಲದ ಗಾರೆ ಎದ್ದಾಗ ಕೆಳಗಿನ ಕಲ್ಲಿನ ಮೇಲೆ ಎರಡು ಗೆರೆಗಳು ಕಂಡವು. ಒಂದು ಗೋಡೆಗೆ ನೇರ. ಇನ್ನೊಂದು ಓರೆ, ಹೆಚ್ಚುಕಡಿಮೆ ಜಮಖಾನೆಯ ಗೆರೆಯ ಹಾಗೆಯೇ.

ಸನದ್ ಅಂಗೈಯಿಂದ ಕಲ್ಲಿನ ಧೂಳು ಒರೆಸಿದರು. ಬು ಥಾನಿ ಕನ್ನಡಕ ಏರಿಸಿ ಬಗ್ಗಿ ನೋಡಿದ. "ಅಂದ್ರೆ ನಿಮ್ಮಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತೋ, ಅನುಮಾನ ಬಂದಿತ್ತೋ. ದಿಕ್ಸೂಚಿ ಹಿಡಿದಿದ್ದ ಆ ಯಜಮಾನನೇ ಗೀಚಿದ್ದೋ ಏನೋ."

"ಗೊತ್ತಿದ್ರೆ ಈ ಓರೆ ಗೆರೆ ಬಿಟ್ಟು ನೇರ ಗೆರೆ ಯಾಕೆ ಹಿಡಿದ್ರು?"

"ಆ ಗೆರೆ ಹಿಡಿದಿದ್ರೆ ಹಿಂದಿನ ಗೋಡೆ ನಿಮ್ಮಜ್ಜನ ಬಾವಿ ಮೇಲೆ ಹೋಗ್ತಿತ್ತು."

"ಈಗ ತಪ್ಪು ನಮ್ಮಜ್ಜಂದಾ!"

ಹಮೂದರೂ ಬಂದು ನೋಡಿದರು. ಒಂದೊಂದೇ ಗೆರೆಯ ಮೇಲೆ ಬೆರಳೆಳೆದರು. ಕೊನೆಗೆ, "ನಂಗೂ ಗೊತ್ತಾಗ್ತಿಲ್ಲ ಚಾಚಾ," ಎಂದರು. ಎಷ್ಟೋ ದಿನಗಳ ಮೇಲೆ ಸನದರಿಗೆ ಹಿಡಿಸಿದ ಮಾತು ಅದು.

ಎರಡೂ ಗೆರೆಗಳ ಮೇಲೆ ಸನದ್ ತಾವೇ ಗಾರೆ ಹಾಕಿದರು. ಗುರುವಾರ ಸಂಜೆಗೆ ಹೊಸ ಗೂಡು ಮುಗಿಯಿತು. ಬಳ್ಳಿಯ ಕೆತ್ತನೆ ಅಪ್ಪನದರಷ್ಟು ನಯವಾಗಿರಲಿಲ್ಲ.

ಶುಕ್ರವಾರ ನಮಾಜಿಗೆ ಸಾಲು ಕಟ್ಟುವಾಗ ಸನದರ ಪಾದಗಳು ಗೋಡೆಗೆ ನೇರವಾಗಿಯೇ ನಿಂತವು. ಬು ಥಾನಿ ಭುಜದಿಂದ ನೂಕಿದ. ಅವರು ತಿರುಗಿದರು.

"ಇಷ್ಟು ಸಾಕಾ?"

"ಜಾಸ್ತಿಯಾಯ್ತು. ಇತ್ತ ಬನ್ನಿ."

ಸನದ್ ಸ್ವಲ್ಪ ಇತ್ತ ಸರಿದು, ಸರಿಯಾಯಿತೋ ಇಲ್ಲವೋ ತಿಳಿಯದೆ, ನಮಾಜು ಶುರುಮಾಡಲು ಕೈಯೆತ್ತಿದರು.